ಆಯಿ ಹೇಳಿದ ಕಥೆಗೆ ಸ್ಟ್ಯಾಂಪ್ ಹುಡುಕುವುದು ಹೇಗೆ

ನಮ್ಮ ಆಯಿ ಸುರೇಬಾನದ ಕಡೆಯವರು. ರಾಮದುರ್ಗ ತಾಲೂಕಿನ ಸುರೇಬಾನ, ಅದರ ಹತ್ತಿರವೇ ಶಬರಿಕೊಳ್ಳ. ಸೀತೆಯನ್ನು ಹುಡುಕುತ್ತಾ ಬಂದ ರಾಮ ಶಬರಿಯ ಕೈಯಿಂದ ಬಾರಿಹಣ್ಣು ತಿಂದದ್ದು ಇಲ್ಲೇ ಅಂತ ಆ ಕಡೆಯ ಜನ ಹೇಳುತ್ತಾರೆ. ಆಯಿ ಅಂತೂ ಮೊನ್ನೆ ಮೊನ್ನೆ ನಡೆದದ್ದು ಅನ್ನೋ ಹಾಗೆ ಹೇಳುತ್ತಿದ್ದರು. 2024ರ ಜನವರಿ 18ಕ್ಕೆ ಅಂಚೆ ಇಲಾಖೆ ರಾಮಮಂದಿರದ ಆರು ಸ್ಟ್ಯಾಂಪ್ ಹೊರತಂದಿತಲ್ಲ, ಮಂದಿರ, ಗಣೇಶ, ಹನುಮಂತ, ಜಟಾಯು, ಅಂಬಿಗ ಕೇವಟ, ಶಬರಿ ಅಂತ, ಅದರ ಶೀಟ್ ತಂದು ಆಯಿ ಕೈಗೆ ಕೊಟ್ಟೆ. ಕನ್ನಡಕ ಏರಿಸಿಕೊಂಡು ನೋಡಿದರು. "ಅಯ್ಯ, ಈಕಿ ನಮ್ಮೂರಾಕಿ ಅಲ್ಲೇನ?" ಅಂದರು.

ಅಲ್ಲಿಯವರೆಗೆ ನಾನು ಸಿಕ್ಕಿದ್ದನ್ನೆಲ್ಲ ಗುಡ್ಡೆ ಹಾಕುತ್ತಿದ್ದೆ. ಆವತ್ತಿನಿಂದ ಮೊದಲು ಕಥೆ, ಆಮೇಲೆ ಸ್ಟ್ಯಾಂಪ್. ಪುರಾಣ, ಜಾನಪದದ ಸ್ಟ್ಯಾಂಪ್ ಕೂಡಿಸಬೇಕು ಅನ್ನುವವರಿಗೆ ನಾನು ಹೇಳುವುದೂ ಇದನ್ನೇ. ಕ್ಯಾಟಲಾಗ್ ಹಿಡಿದು ಶುರು ಮಾಡಬೇಡಿ, ಪ್ರಪಂಚದ ದೇವರುಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತಾರೆ, ಎಲ್ಲಿಂದ ಹಿಡಿಯಬೇಕು ಗೊತ್ತಾಗುವುದಿಲ್ಲ. ಒಂದು ಹಾಳೆ ತಗೊಂಡು ಮನೆಯಲ್ಲಿ, ಜಾತ್ರೆಯಲ್ಲಿ, ಬಯಲಾಟದಲ್ಲಿ ಕೇಳಿದ ಐದಾರು ಕಥೆ ಬರೆಯಿರಿ. ನನ್ನ ಹಾಳೆಯಲ್ಲಿ ಶಬರಿ, ಪರಶುರಾಮ, ಯಲ್ಲಮ್ಮ, ಗೋಳಗುಮ್ಮಟದ ರಂಭೆ, ಹಂಸ ಮತ್ತು ದಮಯಂತಿ, ಮಂಗ ಮತ್ತು ಮೊಸಳೆ ಇದ್ದವು. ಇಷ್ಟೇ. ಇದಕ್ಕೇ ಬಹಳ ದಿನ ಹಿಡಿಯಿತು.

ಪರಶುರಾಮನನ್ನೇ ನೋಡಿ. ಕ್ಷತ್ರಿಯರನ್ನು ಕೊಂದು ಬಂದು ಮಲಪ್ರಭಾ ಹೊಳೆಯಲ್ಲಿ ಕೊಡಲಿ ತೊಳೆದ, ನೀರು ಕೆಂಪಾಯಿತು, ನೋಡಿದವರು "ಅಯ್ಯೋ ಹೊಳೆ" ಅಂದರು, ಅದೇ ಐಹೊಳೆ ಆಯಿತು ಅಂತ ನಮ್ಮ ಕಡೆ ಕಥೆ. ಇದಕ್ಕೆ ಸ್ಟ್ಯಾಂಪ್ ಎಲ್ಲಿದೆ? 2009ರಲ್ಲಿ ಜಯದೇವ ಮತ್ತು ಗೀತಗೋವಿಂದದ ಮೇಲೆ 11 ಸ್ಟ್ಯಾಂಪ್‌ಗಳ ಸೆಟ್ ಬಂತು. ಒಂದರಲ್ಲಿ ಜಯದೇವ, ಉಳಿದ ಹತ್ತರಲ್ಲಿ ಹತ್ತು ಅವತಾರ. ಅದರಲ್ಲಿ ಪರಶುರಾಮ ಇದ್ದಾನೆ. ನರಸಿಂಹ, ವರಾಹ, ವಾಮನರೂ ಇದ್ದಾರೆ. ಒಂದೇ ಸೆಟ್ಟಿನಿಂದ ನಮ್ಮ ಮೂರು ಊರು ಹಿಡಿಯಬಹುದು. ಪರಶುರಾಮನಿಗೆ ಐಹೊಳೆ, ವಾಮನನಿಗೆ ಬಾದಾಮಿಯ ಮೂರನೇ ಗುಹೆಯ ತ್ರಿವಿಕ್ರಮ, ವರಾಹ ನರಸಿಂಹರಿಗೆ ಖಾನಾಪುರ ತಾಲೂಕಿನ ಹಲಸಿಯ ಗುಡಿ. ನನಗೆ ಕೇಳಿದರೆ ಹೊಸಬರು ಮೊದಲು ಕೊಳ್ಳಬೇಕಾದ ಸೆಟ್ ಇದು.

ಯಲ್ಲಮ್ಮನ ಪಾಡು ಬೇರೆ. ಮರಳಿನ ಕೊಡ ಮಾಡಿ, ಹಾವನ್ನು ಸಿಂಬಿ ಮಾಡಿ ನೀರು ಹೊತ್ತು ತರುತ್ತಿದ್ದ ರೇಣುಕೆಯ ಸ್ಟ್ಯಾಂಪ್ ನನ್ನ ಆಲ್ಬಮ್ಮಿನಲ್ಲಿ ಇಲ್ಲ. ಹಾಗಂತ ಪುಟ ಖಾಲಿ ಬಿಡಬೇಕಾಗಿಲ್ಲ. ಮಗ ಪರಶುರಾಮನ ಸ್ಟ್ಯಾಂಪ್ ಹಚ್ಚಿದ ಒಂದು ಲಕೋಟೆಯನ್ನು ಸವದತ್ತಿಯಿಂದ ನನಗೇ ಟಪಾಲ್ ಮಾಡಿಕೊಂಡೆ. ಸ್ಟ್ಯಾಂಪಿನ ಮೇಲೆ ಸವದತ್ತಿ ಪೋಸ್ಟ್ ಆಫೀಸಿನ ಶಿಕ್ಕಾ, ಅಂದರೆ ಮುದ್ರೆ, ಬಿತ್ತು. ತಾಯಿಯ ಊರಿನ ಶಿಕ್ಕಾ, ಮಗನ ಚಿತ್ರ. ಕೆಳಗೆ ಯಲ್ಲಮ್ಮನ ಭಕ್ತರು ಹಾಡುವ ಚೌಡಿಕೆ ಪದದ ಎರಡು ಸಾಲು ಬರೆದಿಟ್ಟಿದ್ದೇನೆ. ಆಲ್ಬಮ್ ನೋಡಲು ಬಂದವರು ಹೆಚ್ಚು ಹೊತ್ತು ನಿಲ್ಲುವುದು ಈ ಪುಟದ ಮುಂದೆಯೇ, ಖರ್ಚಾದದ್ದು ಮಾತ್ರ ಎಲ್ಲಕ್ಕಿಂತ ಕಡಿಮೆ.

ಈ ಉಪಾಯ ಯಾವ ಕಥೆಗೂ ನಡೆಯುತ್ತದೆ. ಆದರೆ ಎರಡು ಮಾತು ನೆನಪಿರಲಿ. ಟಪಾಲ್ ಡಬ್ಬಿಗೆ ಹಾಕಬೇಡಿ, ಕೌಂಟರಿಗೆ ಹೋಗಿ "ಶಿಕ್ಕಾ ಸ್ವಲ್ಪ ಸ್ಪಷ್ಟ ಬೀಳೋ ಹಾಗೆ ಹೊಡೀರಿ ಸರ್" ಅಂತ ಕೇಳಿ. ಸುಮ್ನೆ ಕೊಟ್ಟರೆ ಶಬರಿಯ ಮುಖದ ಮೇಲೆ ಕಪ್ಪು ಮುದ್ದೆ ಬಡಿದು ಕೊಡುತ್ತಾರೆ, ಅವರಿಗೂ ಸಾವಿರ ಕೆಲಸ ಇರುತ್ತದೆ. ಎರಡನೆಯದು, ಸ್ಟ್ಯಾಂಪನ್ನು ಲಕೋಟೆಯ ಬಲಮೂಲೆಯಲ್ಲೇ ಹಚ್ಚಿ, ಸುತ್ತ ಜಾಗ ಬಿಡಿ, ಶಿಕ್ಕಾದ ಕಾಲು ಭಾಗ ಮಾತ್ರ ಸ್ಟ್ಯಾಂಪಿನ ಮೇಲೆ ಬಿದ್ದರೆ ಸಾಕು, ಊರಿನ ಹೆಸರು ಮತ್ತು ತಾರೀಖು ಖಾಲಿ ಜಾಗದಲ್ಲಿ ಬಿದ್ದು ಓದುವ ಹಾಗಿರಬೇಕು. ಲಕೋಟೆಯ ಬದಲು ಅದೇ ವಿಷಯದ ಚಿತ್ರ ಇರುವ ಪೋಸ್ಟ್‌ಕಾರ್ಡಿನ ಚಿತ್ರದ ಬದಿಗೆ ಸ್ಟ್ಯಾಂಪ್ ಹಚ್ಚಿ, ಅದೇ ಊರಿನ ಶಿಕ್ಕಾ ಹಾಕಿಸಿದರೆ ಅದಕ್ಕೆ ಮ್ಯಾಕ್ಸಿಮಮ್ ಕಾರ್ಡ್ ಅನ್ನುತ್ತಾರೆ. ಚಿತ್ರ, ಸ್ಟ್ಯಾಂಪ್, ಶಿಕ್ಕಾ ಮೂರೂ ಒಂದೇ ಮಾತು ಹೇಳಬೇಕು. ಕೆಲವು ಪ್ರವಾಸಿ ಊರುಗಳ ಪೋಸ್ಟ್ ಆಫೀಸುಗಳಲ್ಲಿ ಅಲ್ಲಿನ ಗುಡಿಯದೋ ಕೋಟೆಯದೋ ಚಿತ್ರ ಇರುವ ಖಾಯಂ ಶಿಕ್ಕಾ ಕೂಡ ಇರುತ್ತದೆ, ಹೋದಾಗ ಕೇಳಿ ನೋಡಿ, ಕೇಳದೇ ಯಾರೂ ತೆಗೆಯುವುದಿಲ್ಲ.

ಇನ್ನು ಹೊಸ ಸ್ಟ್ಯಾಂಪ್ ಎಲ್ಲಿ ಸಿಗುತ್ತವೆ? ದಿನಬಳಕೆಯ ಸ್ಟ್ಯಾಂಪ್ ಬೇರೆ, ಒಂದು ವಿಷಯಕ್ಕೆ ಅಂತ ಒಮ್ಮೆ ಹೊರಡಿಸುವ ಸ್ಟ್ಯಾಂಪ್ ಬೇರೆ. ನಮಗೆ ಬೇಕಾದವು ಹೆಚ್ಚಾಗಿ ಎರಡನೆಯ ಜಾತಿ, ಮುಗಿದರೆ ಮುಗಿಯಿತು. ಹೆಡ್ ಪೋಸ್ಟ್ ಆಫೀಸಿಗೆ ಹೋಗಿ ಫಿಲಾಟಲಿ, ಅಂದರೆ ಸ್ಟ್ಯಾಂಪ್ ಸಂಗ್ರಹದವರ, ಕೌಂಟರ್ ಬಗ್ಗೆ ವಿಚಾರಿಸಿ. ಇನ್ನೂರು ರೂಪಾಯಿ ಕಟ್ಟಿ ಫಿಲಾಟಲಿ ಡಿಪಾಸಿಟ್ ಅಕೌಂಟ್ ತೆರೆದರೆ, ನಿಮಗೆ ಏನೇನು ಬೇಕು ಅಂತ ಬರೆದುಕೊಟ್ಟ ಪ್ರಕಾರ ಹೊಸ ಸ್ಟ್ಯಾಂಪ್, ಬಿಡುಗಡೆಯ ದಿನದ ಶಿಕ್ಕಾ ಬಿದ್ದ ಲಕೋಟೆ (ಫಸ್ಟ್ ಡೇ ಕವರ್), ಮಾಹಿತಿ ಹಾಳೆ ಮನೆಗೇ ಬರುತ್ತವೆ, ಅದರ ದುಡ್ಡು ಖಾತೆಯಲ್ಲಿ ಕಳೆಯುತ್ತಾರೆ. ಖಾತೆಯಲ್ಲಿ ಹಣ ಮುಗಿದರೆ ಬರುವುದೂ ನಿಲ್ಲುತ್ತದೆ. ನನಗೆ ಹಾಗೆ ಒಂದು ಸೆಟ್ ತಪ್ಪಿತು, ತಪ್ಪು ನನ್ನದೇ. ಮನೆಯಲ್ಲಿ 6ರಿಂದ 9ನೇ ತರಗತಿಯ ಮಗು ಇದ್ದರೆ ಆ ಮಗುವಿನ ಹೆಸರಲ್ಲೇ ಖಾತೆ ತೆರೆಯಿರಿ. ದೀನ್ ದಯಾಳ್ ಸ್ಪರ್ಶ ಯೋಜನೆ ಅಂತ ಇದೆ, ಸ್ಟ್ಯಾಂಪ್ ಹವ್ಯಾಸ ಇರುವ ಮಕ್ಕಳಿಗೆ ವರ್ಷಕ್ಕೆ 6000 ರೂಪಾಯಿ ವಿದ್ಯಾರ್ಥಿವೇತನ. ಅದಕ್ಕೆ ಅರ್ಜಿ ಹಾಕಲು ಈ ಖಾತೆ, ಇಲ್ಲವೇ ಶಾಲೆಯ ಫಿಲಾಟಲಿ ಕ್ಲಬ್ಬಿನ ಸದಸ್ಯತ್ವ ಬೇಕು.

ಈ ಮಾಹಿತಿ ಹಾಳೆಯನ್ನು ಎಸೆಯಬೇಡಿ. ಚಿತ್ರ ಎಲ್ಲಿಂದ ಬಂತು, ಯಾರು ವಿನ್ಯಾಸ ಮಾಡಿದರು, ಎಷ್ಟು ಮುದ್ರಿಸಿದರು ಎಲ್ಲ ಅದರಲ್ಲಿ ಇರುತ್ತದೆ. 2017ರಲ್ಲಿ ಎರಡು ದೊಡ್ಡ ಸೆಟ್ ಬಂದವು, ಸೆಪ್ಟೆಂಬರಿನಲ್ಲಿ ರಾಮಾಯಣದ 11, ನವೆಂಬರಿನಲ್ಲಿ ಮಹಾಭಾರತದ 18. ಎರಡನ್ನೂ ಪೂರ್ತಿ ಕೊಳ್ಳಬೇಕು ಅಂತೇನಿಲ್ಲ. ನಿಮ್ಮ ಕಥೆಗೆ ಬೇಕಾದ ಒಂದೆರಡು ಬಿಡಿಯಾಗಿ ಸಿಕ್ಕರೆ ಅದೇ ಸಾಕು. ಪೂರ್ತಿ ಸೆಟ್ ಇಲ್ಲದಿದ್ದರೆ ಬೆಲೆ ಇಲ್ಲ ಅಂತ ಹೇಳುವವರು ಸಿಗುತ್ತಾರೆ, ಅವರಿಗೆ ಮಾರುವ ಚಿಂತೆ. ನಮಗೆ ಹೇಳುವ ಚಿಂತೆ.

ಹಳೆಯ ಸ್ಟ್ಯಾಂಪ್ ಬೇಟೆ ಇದಕ್ಕಿಂತ ಮಜಾ. ನಮ್ಮ ಜಿಲ್ಲೆಗಳಲ್ಲಿ ಮನೆಗೊಬ್ಬರು ಮುಂಬಯಿಗೋ ಪುಣೆಗೋ ಗೋವೆಗೋ ದುಡಿಯಲು ಹೋದವರು, ಇಲ್ಲವೇ ಫೌಜಿಗೆ ಸೇರಿದವರು ಇದ್ದೇ ಇರುತ್ತಾರೆ. ಅವರ ಮನೆಯ ಟ್ರಂಕಿನಲ್ಲಿ ಹಳೆಯ ಪತ್ರಗಳ ಗಂಟು ಇರುತ್ತದೆ. ವಕೀಲರ ಮನೆ, ಅಡತಿ ಅಂಗಡಿ, ಮಠದ ಕಚೇರಿ, ಗುಜರಿ ಅಂಗಡಿ ಎಲ್ಲ ಕಡೆ ಕೇಳಬಹುದು. ಕೇಳುವಾಗ ನೇರವಾಗಿ ಕೇಳಿ. "ಕಾಕಾ, ಪತ್ರ ಓದೂದಿಲ್ಲ, ಮ್ಯಾಲಿನ ಸ್ಟ್ಯಾಂಪ್ ಅಷ್ಟ ನೋಡ್ತೀನಿ" ಅಂದರೆ ಮುಗಿಯಿತು, ಚಹಾನೂ ಸಿಗುತ್ತದೆ. ಸಿಕ್ಕ ಲಕೋಟೆಯಿಂದ ಸ್ಟ್ಯಾಂಪ್ ಕೀಳುವ ಅವಸರ ಮಾತ್ರ ಬೇಡ. ವಿಳಾಸ, ಶಿಕ್ಕಾ, ತಾರೀಖು ಸಮೇತ ಇಡೀ ಲಕೋಟೆ ಇದ್ದರೆ ಅದು ಇನ್ನೂ ಒಳ್ಳೆಯ ಕಥೆ. 50ರ ದಶಕದ ಬಿಜಾಪುರದ ಶಿಕ್ಕಾ ಬಿದ್ದ ಲಕೋಟೆಯನ್ನು ಕತ್ತರಿಸಿದವರನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಿಜಾಪುರ ಅಂದ ಮೇಲೆ ಒಂದು ಸರಣಿಯ ಬಗ್ಗೆ ಹೇಳಲೇಬೇಕು. 1949ರ ಆಗಸ್ಟ್ 15ರಂದು ಸ್ವತಂತ್ರ ಭಾರತದ ಮೊದಲ ದಿನಬಳಕೆಯ ಸರಣಿ ಬಂತು, ಒಟ್ಟು 16 ಸ್ಟ್ಯಾಂಪ್, ಎಲ್ಲ ನಮ್ಮ ಗುಡಿ, ಗುಹೆ, ಕೋಟೆಗಳು. ಅದರಲ್ಲಿ 6 ಆಣೆಯದು ಗೋಳಗುಮ್ಮಟ. ಗುಮ್ಮಟದ ಮೇಲಿನಿಂದ ರಂಭೆ ಹಾರಿದಳು ಅನ್ನುವ ಕಥೆ ವಿಜಯಪುರದವರಿಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ. ಹಾರುವಷ್ಟು ನನ್ನನ್ನು ಪ್ರೀತಿಸುತ್ತೀಯಾ ಅಂತ ಆದಿಲಶಾಹ ತಮಾಷೆಗೆ ಕೇಳಿದ, ಆಕೆ ಹಾರಿಯೇ ಬಿಟ್ಟಳು ಅಂತ ಒಬ್ಬೊಬ್ಬರು ಒಂದೊಂದು ರೀತಿ ಹೇಳುತ್ತಾರೆ. ಆ ಕಥೆಯ ಪುಟಕ್ಕೆ 6 ಆಣೆಯ ಸ್ಟ್ಯಾಂಪ್ ಹೇಳಿ ಮಾಡಿಸಿದ ಹಾಗಿದೆ. ಅದೇ ಸರಣಿಯಲ್ಲಿ 2 ಆಣೆಗೆ ನಟರಾಜ, 9 ಪೈಗೆ ಎಲಿಫೆಂಟಾದ ತ್ರಿಮೂರ್ತಿ. 2 ಆಣೆಯ ನಟರಾಜನ ಪಕ್ಕಕ್ಕೆ ಬಾದಾಮಿಯ ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಫೋಟೋ ಇಟ್ಟು ನೋಡಿ, ಎರಡೂ ಎಷ್ಟು ಬೇರೆ ಅಂತ.

ಕಣ್ಣಿಗೆ ಪಾಠ ಕಲಿಸಲು ಇದೇ ಸರಣಿಯ 1 ಆಣೆಯ ಬೋಧಿಸತ್ವನನ್ನು ಹಿಡಿಯಿರಿ. 1949ರಲ್ಲಿ ಚಿತ್ರ ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ತಿರುಗಿ ಅಚ್ಚಾಗಿತ್ತು. 1950ರಲ್ಲಿ ಸರಿಪಡಿಸಿ ಮತ್ತೆ ಅಚ್ಚು ಹಾಕಿದರು. ಎರಡೂ ಹುಡುಕಿ ಅಕ್ಕಪಕ್ಕ ಇಡಿ. ಸ್ಟ್ಯಾಂಪನ್ನು ಬರೀ ನೋಡುವುದು ಬೇರೆ, ಭೂತಗನ್ನಡಿ ಹಿಡಿದು ಹುಡುಕುವುದು ಬೇರೆ ಅಂತ ಆಗ ತಿಳಿಯುತ್ತದೆ.

ಬಿಡಿಸುವುದು ಹೇಗೆ ಅಂತ ಕೇಳುತ್ತೀರಿ. ಲಕೋಟೆ ಮಾಮೂಲಿಯದಾಗಿದ್ದು ಸ್ಟ್ಯಾಂಪ್ ಮಾತ್ರ ಬೇಕಾಗಿದ್ದರೆ ಸುತ್ತ ಅರ್ಧ ಇಂಚು ಕಾಗದ ಬಿಟ್ಟು ಕತ್ತರಿಸಿ. ಅಗಲ ತಟ್ಟೆಯಲ್ಲಿ ಉಗುರು ಬೆಚ್ಚಗಿನ ನೀರು, ಚಿತ್ರ ಮೇಲೆ ಬರುವ ಹಾಗೆ ತೇಲಿಬಿಡಿ. ಕಾಲು ಗಂಟೆಯಲ್ಲಿ ಅಂಟು ಕರಗಿ ತಾನೇ ಜಾರುತ್ತದೆ, ಜಾರದಿದ್ದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ, ಎಳೆಯಬೇಡಿ. ಹಿಂದಿನ ಲೋಳೆಯನ್ನು ಬೇರೆ ನೀರಲ್ಲಿ ತೊಳೆದು, ಬಿಳಿ ಕಾಗದದ ಮೇಲೆ ಬೋರಲು ಹಾಕಿ ನೆರಳಲ್ಲಿ ಒಣಗಿಸಿ. ಮುದುಡಿಕೊಂಡರೆ ಹೆದರಬೇಡಿ, ಪೂರ್ತಿ ಒಣಗಿದ ಮೇಲೆ ದಪ್ಪ ಪುಸ್ತಕದಲ್ಲಿ ಎರಡು ದಿನ ಇಟ್ಟರೆ ನೆಟ್ಟಗಾಗುತ್ತದೆ. ಇಸ್ತ್ರಿ ಮಾತ್ರ ಬೇಡ. ಬಣ್ಣದ ಲಕೋಟೆಯ ತುಂಡುಗಳನ್ನು ಬೇರೆ ತಟ್ಟೆಯಲ್ಲೇ ನೆನೆಹಾಕಿ. ನಾನೊಮ್ಮೆ ಮದುವೆ ಕರೆಯೋಲೆಯ ಕೆಂಪು ಲಕೋಟೆಯ ತುಂಡೊಂದನ್ನು ಉಳಿದವುಗಳ ಜೊತೆ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಇಪ್ಪತ್ತು ಸ್ಟ್ಯಾಂಪೂ ಗುಲಾಬಿ, ನಟರಾಜ ಓಕುಳಿ ಆಡಿ ಬಂದ ಹಾಗಿದ್ದ. ಹಿಂದೆ ಸ್ಟಿಕ್ಕರ್ ಅಂಟು ಇರುವ ಹೊರದೇಶದ ಹೊಸ ಸ್ಟ್ಯಾಂಪ್‌ಗಳಿಗೆ ಈ ನೀರಿನ ಆಟ ನಡೆಯುವುದಿಲ್ಲ, ಅವನ್ನು ಕಾಗದ ಸಮೇತ ಚೌಕವಾಗಿ ಕತ್ತರಿಸಿ ಇಡಿ.

ಬಳಸದ ಹೊಸ ಸ್ಟ್ಯಾಂಪಿಗೆ ನೀರು ಸೋಕಿಸಲೇಬಾರದು. ಹಿಂದಿನ ಅಂಟು ಹಾಗೇ ಇರಬೇಕು. ಬೆರಳಿನ ಬೆವರೂ ಶತ್ರುವೇ, ಚಿಮಟದಿಂದ ಹಿಡಿಯಿರಿ, ಹುಬ್ಬು ಕೀಳುವ ಚೂಪು ಚಿಮಟ ಬೇಡ, ತುದಿ ಚಪ್ಪಟೆ ಇರುವುದು ಸ್ಟ್ಯಾಂಪಿಗೆ ಅಂತಲೇ ಸಿಗುತ್ತದೆ. ಹಿಂಜ್ ಅನ್ನುವ ಸಣ್ಣ ಅಂಟುಪಟ್ಟಿ ಬಳಸಿದ ಸ್ಟ್ಯಾಂಪಿಗೆ ಪರವಾಗಿಲ್ಲ. ಹೊಸದಕ್ಕೆ ಮೌಂಟ್, ಅಂದರೆ ಸ್ಟ್ಯಾಂಪ್ ಒಳಗೆ ಸೇರಿಸುವ ಪಾರದರ್ಶಕ ಪುಟ್ಟ ಚೀಲ. ಸೆಲ್ಲೋಟೇಪ್ ಹಚ್ಚಿದರೆ ಮಾತ್ರ ನಾನು ಏನೂ ಮಾಡಲಾರೆ.

ಆಲ್ಬಮ್ ವಿಷಯದಲ್ಲಿ ಊರು ನೋಡಿ ನಡೆಯಬೇಕು. ಬೆಳಗಾವಿ, ಖಾನಾಪುರದ ಮಳೆಗಾಲದಲ್ಲಿ ಹಪ್ಪಳವೇ ಮೆತ್ತಗಾಗುತ್ತದೆ, ಇನ್ನು ಸ್ಟ್ಯಾಂಪಿನ ಅಂಟು ಮೆತ್ತಗಾಗದೆ ಇರುತ್ತದೆಯೇ? ಜೂನ್ ಬರುವ ಮೊದಲೇ ಸಿಲಿಕಾ ಜೆಲ್ ಪುಟ್ಟ ಚೀಲಗಳನ್ನು ಹಾಕಿ ಗಾಳಿ ಆಡದ ಡಬ್ಬಿಯಲ್ಲಿ ಇಡಿ. ಆಲ್ಬಮ್ಮನ್ನು ಮಲಗಿಸಿ ಒಂದರ ಮೇಲೊಂದು ಹೇರಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ. ಬಿಸಿಲು ಬಿದ್ದ ದಿನ ಹಾಳೆ ತಿರುವಿ ಗಾಳಿ ತೋರಿಸಿ, ಬಿಸಿಲನ್ನಲ್ಲ. ವಿಜಯಪುರ, ಬಾಗಲಕೋಟೆಯವರಿಗೆ ತೇವದ ಕಾಟ ಕಡಿಮೆ, ಆದರೆ ಮೇ ತಿಂಗಳ ಸೆಕೆಗೆ ಹೊಸ ಸ್ಟ್ಯಾಂಪ್ ಸುರುಳಿ ಸುತ್ತಿಕೊಳ್ಳುತ್ತದೆ, ಹಾಗಾದಾಗ ಒತ್ತಿ ನೆಟ್ಟಗೆ ಮಾಡಲು ಹೋದರೆ ಅಂಟು ಬಿರುಕು ಬಿಡುತ್ತದೆ. ಪತ್ರಾಸ್ ಚಾವಣಿಯ ಕೆಳಗಿನ ಅಟ್ಟದಲ್ಲಿ ಇಡಬೇಡಿ ಅಷ್ಟೇ. ಮದುವೆ ಫೋಟೋ ಹಾಕುವ ಅಗ್ಗದ ಪ್ಲಾಸ್ಟಿಕ್ ಆಲ್ಬಮ್ ಎಲ್ಲರಿಗೂ ಬೇಡ, ವರ್ಷಗಳು ಕಳೆದ ಹಾಗೆ ಆ ಪ್ಲಾಸ್ಟಿಕ್ ಸ್ಟ್ಯಾಂಪಿಗೆ ಅಂಟಿಕೊಳ್ಳುತ್ತದೆ. ಪಟ್ಟಿ ಪಟ್ಟಿ ಇರುವ ಸ್ಟಾಕ್ ಬುಕ್ ತಗೊಳ್ಳಿ.

ನನಗೆ ಅತ್ಯಂತ ಇಷ್ಟದ ಪುಟದ ಹೆಸರು "ಟಪಾಲ್ ತಂದವರು". ಸ್ಟ್ಯಾಂಪಿನ ಕೆಲಸವೇ ಸುದ್ದಿ ಮುಟ್ಟಿಸುವುದು, ಹಾಗಾದರೆ ಪುರಾಣದಲ್ಲಿ ಸುದ್ದಿ ಮುಟ್ಟಿಸಿದವರು ಯಾರು ಯಾರು ಅಂತ ಕೂತು ಯೋಚಿಸಿದೆ. ಮೊದಲು ಬಂದದ್ದು ನಳ ದಮಯಂತಿಯರ ಹಂಸ. 1971ರಲ್ಲಿ ರಾಜಾ ರವಿವರ್ಮ ಅವರ ನೆನಪಿಗೆ ಬಂದ 20 ಪೈಸೆಯ ಸ್ಟ್ಯಾಂಪಿನಲ್ಲಿ ಅವರ ಹಂಸ ದಮಯಂತಿ ಚಿತ್ರವೇ ಇದೆ. ಆಮೇಲೆ 1960ರ ಕಾಳಿದಾಸನ ಎರಡು ಸ್ಟ್ಯಾಂಪ್, ಒಂದರಲ್ಲಿ ಮೇಘದೂತದ ಯಕ್ಷ, ಇನ್ನೊಂದರಲ್ಲಿ ದುಷ್ಯಂತನಿಗೆ ಪತ್ರ ಬರೆಯುತ್ತಿರುವ ಶಕುಂತಲೆ. ಸ್ಟ್ಯಾಂಪಿನ ಮೇಲೇ ಪತ್ರ ಬರೆಯುವ ಹೆಣ್ಣುಮಗಳು! ಉಂಗುರ ಮುಟ್ಟಿಸಿದ ಹನುಮಂತ 2024ರ ಸೆಟ್ಟಿನಿಂದ ಬಂದ. ಇಷ್ಟಾದ ಮೇಲೆ ಹೊರದೇಶದ ನೆಂಟನೊಬ್ಬ ಸಿಕ್ಕ. ಗ್ರೀಸ್ ದೇಶ 1861ರಲ್ಲಿ ತನ್ನ ಮೊಟ್ಟಮೊದಲ ಸ್ಟ್ಯಾಂಪಿನ ಮೇಲೆ ಹಾಕಿದ್ದು ಹರ್ಮಿಸ್‌ನ ಮುಖ, ಅವನು ಅವರ ದೇವತೆಗಳ ದೂತ. ನಮ್ಮ ಹಂಸದ ಪಕ್ಕ ಅವನನ್ನು ಕೂರಿಸಿದ್ದೇನೆ. ಹೀಗೆ ಒಂದು ಪ್ರಶ್ನೆ ಹಿಡಿದು ಪುಟ ಕಟ್ಟಿದರೆ ಸ್ಟ್ಯಾಂಪ್ ಕಡಿಮೆ ಇದ್ದರೂ ಪುಟ ತುಂಬಿದ ಹಾಗೆ ಕಾಣುತ್ತದೆ.

ಮಕ್ಕಳಿದ್ದರೆ ಪಂಚತಂತ್ರದಿಂದ ಶುರು ಮಾಡಿಸಿ. 2001ರಲ್ಲಿ ನಾಲ್ಕು ಕಥೆಗೆ ಎಂಟು ಸ್ಟ್ಯಾಂಪ್ ಬಂದವು, ಎರಡೆರಡು ಜೋಡಿಯಾಗಿ ಒಂದಕ್ಕೊಂದು ಅಂಟಿಕೊಂಡು. ಇಂಥ ಜೋಡಿಗೆ ಸೆ-ಟೆನೆಂಟ್ ಅನ್ನುತ್ತಾರೆ, ಹರಿದು ಬೇರೆ ಮಾಡಬಾರದು. ಮಂಗ ಮತ್ತು ಮೊಸಳೆ, ಸಿಂಹ ಮತ್ತು ಮೊಲ, ಕಾಗೆ ಮತ್ತು ಹಾವು, ಆಮೆ ಮತ್ತು ಹೆಬ್ಬಾತು. ಆಮೇಲೆ ಒಂದು ಭಾನುವಾರ ಪಟ್ಟದಕಲ್ಲಿಗೆ ಕರೆದುಕೊಂಡು ಹೋಗಿ, ಅಲ್ಲಿನ ಗುಡಿಗಳಲ್ಲಿ ರಾಮಾಯಣ, ಮಹಾಭಾರತದ ಜೊತೆ ಪಂಚತಂತ್ರದ ಕಥೆಗಳನ್ನೂ ಕೆತ್ತಿದ್ದಾರೆ, ಯಾರು ಮೊದಲು ಹುಡುಕುತ್ತಾರೆ ಅಂತ ಪಂದ್ಯ ಕಟ್ಟಿ. ವಿರೂಪಾಕ್ಷ ಗುಡಿಯ ಕಂಬಗಳಲ್ಲಿ ರಾವಣನ ಜೊತೆ ಕಾದಾಡುವ ಜಟಾಯುವನ್ನೂ ಹುಡುಕಿ. ಮನೆಗೆ ಬಂದ ಮೇಲೆ ಜಟಾಯು ಸ್ಟ್ಯಾಂಪಿನ ಪುಟ ಅವರೇ ಬರೆಯುತ್ತಾರೆ. ರಾವಣ ಬೇಕು ಅಂದರೆ 1974ರ ಮುಖವಾಡದ ನಾಲ್ಕು ಸ್ಟ್ಯಾಂಪ್ ನೋಡಿ, ಸೂರ್ಯ, ಚಂದ್ರ, ನರಸಿಂಹ, ರಾವಣ. ಬಯಲಾಟದ ಬಣ್ಣ ಕಂಡವರಿಗೆ ಇವು ಹತ್ತಿರದವು ಅನ್ನಿಸುತ್ತವೆ.

ಕೂಡಲಸಂಗಮದ ಪುಟಕ್ಕೆ 1967ರ 15 ಪೈಸೆಯ ಬಸವೇಶ್ವರ, ಕಿತ್ತೂರಿನ ಲಾವಣಿ ಪುಟಕ್ಕೆ 1977ರ 25 ಪೈಸೆಯ ಚೆನ್ನಮ್ಮ. ಇವರು ಪುರಾಣದವರಲ್ಲ ಅಂತ ತಕರಾರು ತೆಗೆಯುವವರು ಇದ್ದಾರೆ. ನಿಜ, ಇತಿಹಾಸದವರೇ. ಆದರೆ ಗೀಗೀ ಪದದಲ್ಲಿ, ಲಾವಣಿಯಲ್ಲಿ ಜನ ಅವರನ್ನು ಎಷ್ಟು ಬೆಳೆಸಿದ್ದಾರೆ ನೋಡಿ. ನಾನು ಆ ಪುಟದಲ್ಲಿ ಎರಡು ಅಂಕಣ ಮಾಡಿದ್ದೇನೆ, ಎಡಕ್ಕೆ ದಾಖಲೆಯಲ್ಲಿ ಇರುವುದು, ಬಲಕ್ಕೆ ಹಾಡಿನಲ್ಲಿ ಇರುವುದು.

ಹೊರದೇಶದ್ದು ಕೊಳ್ಳುವಾಗ ಹುಷಾರು. ಇಂಡೋನೇಷ್ಯಾ 1962ರಲ್ಲಿ ರಾಮಾಯಣ ನೃತ್ಯದ ಆರು ಸ್ಟ್ಯಾಂಪ್ ತಂದಿದೆ. ನೇಪಾಳದ 1967ರ ರಾಮನವಮಿಯ ಸ್ಟ್ಯಾಂಪಿನಲ್ಲಿ ರಾಮ ಸೀತೆಯರ ಜೊತೆ ವಿಕ್ರಮ ಸಂವತ್ 2024 ಅಂತ ಇದೆ, ಅದನ್ನು ನೋಡಿ ಎಷ್ಟೋ ಜನ 2024ಕ್ಕೇ ಮಂದಿರ ಆಗುತ್ತದೆ ಅಂತ ಮೊದಲೇ ಬರೆದಿದ್ದರು ಅಂತ ವಾಟ್ಸಾಪಿನಲ್ಲಿ ಕಳಿಸಿದರು. ಅದು ಅವರ ಪಂಚಾಂಗದ ವರ್ಷ ಅಷ್ಟೇ. ಯುರೋಪಿನ ದೇಶಗಳು ಪ್ರತಿವರ್ಷ ಒಂದೇ ವಿಷಯದ ಮೇಲೆ ಯುರೋಪಾ ಸ್ಟ್ಯಾಂಪ್ ತರುತ್ತವೆ, 1981ರಲ್ಲಿ ಜಾನಪದ, 1997ರಲ್ಲಿ ಕಥೆ ಮತ್ತು ಐತಿಹ್ಯ, 2022ರಲ್ಲಿ ಪುರಾಣ ಮತ್ತು ಕಥೆಗಳು ಅಂತ ವಿಷಯ ಇತ್ತು, ಹುಡುಕಲು ಈ ಮೂರು ವರ್ಷ ಸಾಕು. ಆದರೆ "ದೇವರ ಸ್ಟ್ಯಾಂಪ್ ನೂರು, ಅಗ್ಗದ ಬೆಲೆ" ಅಂತ ಬರುವ ಪೊಟ್ಟಣ ಬೇಡ. ಒಂದು ಸಲ ಆನ್‌ಲೈನ್‌ನಲ್ಲಿ ತರಿಸಿ ಮೋಸ ಹೋದೆ, ಅರ್ಧ ಸ್ಟ್ಯಾಂಪುಗಳ ಮೇಲಿದ್ದ ಹೆಸರಿಗೆ ಅಂಚೆ ಕಚೇರಿಯೇ ಇಲ್ಲ, ಯಾರೋ ಖಾಸಗಿಯವರು ಅಚ್ಚು ಹಾಕಿದ ಬಣ್ಣದ ಚೀಟಿ ಅಷ್ಟೇ. 2002ರಿಂದ ಈಚೆಗಿನ ಸ್ಟ್ಯಾಂಪ್ ಆಗಿದ್ದರೆ ದೇಶಗಳು ಅಧಿಕೃತವಾಗಿ ಹೊರಡಿಸಿದ ಸ್ಟ್ಯಾಂಪ್‌ಗಳನ್ನು ದಾಖಲಿಸುವ ವಿಶ್ವ ಅಂಚೆ ಒಕ್ಕೂಟದ ಡಬ್ಲ್ಯುಎನ್ಎಸ್ ಪಟ್ಟಿಯಲ್ಲಿ ಹುಡುಕಿ ನೋಡಿ. ಎಲ್ಲ ದೇಶಗಳೂ ಅದರಲ್ಲಿ ಸೇರಿಲ್ಲ, ಆದರೆ ಪಟ್ಟಿಯಲ್ಲಿ ಸಿಕ್ಕರೆ ಧೈರ್ಯವಾಗಿ ಕೊಳ್ಳಬಹುದು.

ಪುಟ ಬರೆಯುವಾಗ ಮೂರು ನಾಲ್ಕು ಸಾಲು ಸಾಕು, ಕನ್ನಡದಲ್ಲೇ ಬರೆಯಿರಿ. ಕಥೆ ಯಾರು ಹೇಳಿದರು, ಯಾವ ಊರು, ಯಾವ ವರ್ಷ ಅಂತ ಪೆನ್ಸಿಲ್ಲಿನಲ್ಲಿ ಕೆಳಗೆ ಹಾಕಿ, ಹೇಳಿದವರನ್ನು ಕೇಳಿಯೇ ಹಾಕಿ. ಎರಡು ಊರಿನವರು ಎರಡು ಥರ ಹೇಳಿದರೆ ಎರಡನ್ನೂ ಬರೆಯಿರಿ, ನೀವು ನ್ಯಾಯ ತೀರ್ಮಾನಕ್ಕೆ ಕೂರಬೇಡಿ. ಮುಂದೆ ಕರ್ನಾಪೆಕ್ಸ್‌ನಂಥ ರಾಜ್ಯಮಟ್ಟದ ಸ್ಟ್ಯಾಂಪ್ ಪ್ರದರ್ಶನಕ್ಕೆ ಹೋಗುವ ಆಸೆ ಇದ್ದರೆ ಮೊದಲಿನಿಂದಲೇ ಬಿಡಿ ಹಾಳೆಗಳಲ್ಲಿ ಕಟ್ಟಿ, ಅಲ್ಲಿ ಒಂದು ಫ್ರೇಮ್ ಅಂದರೆ 16 ಹಾಳೆ. ಅಲ್ಲಿ ಫೋಟೋ, ಒಣಗಿದ ಎಲೆ ಎಲ್ಲ ಸಾಮಾನ್ಯವಾಗಿ ನಡೆಯುವುದಿಲ್ಲ, ಅಂಚೆಗೆ ಸಂಬಂಧಿಸಿದ್ದು ಮಾತ್ರ. ಒಣ ಎಲೆಯನ್ನು ಮನೆಯ ಆಲ್ಬಮ್ಮಿನಲ್ಲೂ ಸ್ಟ್ಯಾಂಪಿನ ಪಕ್ಕ ಇಡಬೇಡಿ, ಕಲೆ ಬೀಳುತ್ತದೆ. ನಮ್ಮ ಆಯಿ ಶಬರಿಯ ಪುಟಕ್ಕೆ ಬಾರಿ ಗಿಡದ ಎಲೆ ತಂದು ಅಂಟಿಸು ಅಂತ ಹಟ ಹಿಡಿದಿದ್ದರು. ಬೇಡ ಅನ್ನಲು ಆಗಲಿಲ್ಲ. ಎಲೆಗೆ ಬೇರೆ ಲಕೋಟೆ ಮಾಡಿ, ಆಲ್ಬಮ್ಮಿನ ಕೊನೆಯ ರಟ್ಟಿನ ಹಿಂದೆ ಸಿಕ್ಕಿಸಿ ಇಟ್ಟಿದ್ದೇನೆ.